ಮೌಂಟ್ ಕಾರ್ವರ್‌ಗೆ ಎಂಬತ್ತು ಪದ

ಅಕ್ಟೋಬರ್ ಎರಡನೆಯ ವಾರ ಬಂದರೂ ಲವಿನಾ ಟ್ರಾಯರ್‌ಳ ಪಟ್ಟಿಯಲ್ಲಿ ಹನ್ನೊಂದು ತಂಡಗಳ ಪೈಕಿ ಮೂರರ ಮೇಲೆ ಮಾತ್ರ ಗೀಟು ಬಿದ್ದಿತ್ತು. ಉಳಿದ ಎಂಟರ ಬಗ್ಗೆ ಅವಳಿಗೆ ಗೊತ್ತಿದ್ದದ್ದು ದಾರಿಹೋಕನಿಗೂ ಗೊತ್ತಿರುವಷ್ಟೇ: ತಂಡದ ಹೆಸರು, ಅಂಗಿಯ ಬಣ್ಣ, ಆಟದ ತಾರೀಕು. ಇಪ್ಪತ್ತಾರು ವರ್ಷಗಳಿಂದ ಡೆನ್ಲೋ ಹೆರಾಲ್ಡ್ ಪತ್ರಿಕೆಗೆ ಬಾಸ್ಕೆಟ್‌ಬಾಲ್ ಬಗ್ಗೆ ಬರೆಯುತ್ತ ಬಂದವಳಿಗೆ ಇದಕ್ಕಿಂತ ದೊಡ್ಡ ಅವಮಾನ ಇನ್ನೊಂದಿರಲಿಲ್ಲ.

ಡೆನ್ಲೋ ಕಾಲೇಜು ಜನವರಿಯಿಂದ ತನ್ನ ಕೂಟದ ಒಂಬತ್ತು ಕಾಲೇಜುಗಳ ಜೊತೆ ಆಡುತ್ತದೆ. ಅವರು ನೆಂಟರಿದ್ದ ಹಾಗೆ. ಯಾರ ಗುಣ ಏನು, ಯಾರ ಕುಂಟು ಎಲ್ಲಿ ಎಂಬುದು ಊರಿನ ಮಕ್ಕಳಿಗೂ ಗೊತ್ತು. ಅದಕ್ಕೆ ಮುಂಚೆ, ನವೆಂಬರ್ ಡಿಸೆಂಬರ್‌ನಲ್ಲಿ, ಕೂಟದ ಹೊರಗಿನ ಹನ್ನೊಂದು ತಂಡಗಳ ಜೊತೆ ಆಟ. ಈ ಹೊರಗಿನವರು ಎಂಥವರು, ಯಾರಿಗೆ ಹೆದರಬೇಕು, ಯಾರನ್ನು ನೋಡಿ ನಗಬಹುದು ಎಂದು ಮೊದಲೇ ಊರಿಗೆ ತಿಳಿಸುವುದು ಲವಿನಾಳ ಕೆಲಸ. ವರ್ಷಕ್ಕೊಮ್ಮೆ, ಇಡೀ ಒಂದು ಪುಟ. ಆ ದಿನ ಹೋಟೆಲಿನಲ್ಲಿ ಬೆಳಗಿನ ತಿಂಡಿಗೆ ಕೂರುವ ಗಂಡಸರು ಒಂದೇ ಪ್ರತಿಗಾಗಿ ಕಿತ್ತಾಡುತ್ತಿದ್ದರು. ಕಾಫಿ ಚೆಲ್ಲಿಕೊಂಡು ವಾದ ಮಾಡುತ್ತಿದ್ದರು. ಅವಳು ಹೇಳಿದ್ದು ಸುಳ್ಳಾದರೆ ಮಾರ್ಚ್‌ವರೆಗೂ ಅವಳನ್ನು ಆಡಿಕೊಳ್ಳುತ್ತಿದ್ದರು.

ಅವಳದೊಂದು ಪದ್ಧತಿಯಿತ್ತು. ಕಾಲೇಜುಗಳು ತಾವೇ ಅಚ್ಚು ಹಾಕಿ ಹಂಚುವ ಕಾಗದವನ್ನು ಅವಳು ನಂಬುತ್ತಿರಲಿಲ್ಲ. ಅದರಲ್ಲಿ ಎಲ್ಲ ಆಟಗಾರರೂ ಇದ್ದದ್ದಕ್ಕಿಂತ ಎರಡು ಇಂಚು ಎತ್ತರ, ಎಲ್ಲ ಕೋಚ್‌ಗಳೂ ಮಹಾ ಶ್ರಮಜೀವಿಗಳು. ಅದರ ಬದಲು ಊರೂರಿನಲ್ಲಿ ಒಬ್ಬೊಬ್ಬರನ್ನು ಗುರುತು ಮಾಡಿಟ್ಟುಕೊಂಡಿದ್ದಳು. ಒಂದು ಕಡೆ ತನ್ನಂತೆಯೇ ಪತ್ರಿಕೆಯವನು, ಒಂದು ಕಡೆ ಕ್ಷೌರಿಕ, ಇನ್ನೊಂದು ಕಡೆ ಕ್ರೀಡಾಂಗಣದ ಬಾಗಿಲು ಕಾಯುವ ವಿಧವೆ. ಅವರಿಗೆ ಫೋನ್ ಮಾಡಿ ಅರ್ಧ ಗಂಟೆ ಹರಟಿದರೆ, ಯಾವ ಎತ್ತರದ ಹುಡುಗನಿಗೆ ಮೊಣಕಾಲು ನೋವು, ಯಾವ ಕೋಚ್ ಆಟಗಾರರ ಜೊತೆ ಮಾತು ಬಿಟ್ಟಿದ್ದಾನೆ ಎಲ್ಲವೂ ಹೊರಬೀಳುತ್ತಿತ್ತು.

ಈ ವರ್ಷ ಅವರೆಲ್ಲ ಒಬ್ಬೊಬ್ಬರಾಗಿ ಕೈಕೊಟ್ಟಿದ್ದರು. ಕ್ಷೌರಿಕ ಬೇಸಿಗೆಯಲ್ಲಿ ತೀರಿಕೊಂಡಿದ್ದ. ಎರಡು ಪತ್ರಿಕೆಗಳು ಮುಚ್ಚಿದ್ದವು. ಒಬ್ಬ ಗೆಳೆಯ ಬರವಣಿಗೆ ಬಿಟ್ಟು ವಿಮೆ ಮಾರುತ್ತಿದ್ದ. ತಂಡದ ಬಗ್ಗೆ ಕೇಳಿದರೆ ಅವಳ ಆಯುಷ್ಯದ ಬಗ್ಗೆ ವಿಚಾರಿಸಿದ. ಇನ್ನೊಬ್ಬ, ನಿನಗೇನಾದರೂ ಗೊತ್ತಾದರೆ ನನಗೂ ಹೇಳು, ನಮ್ಮ ತಂಡದಲ್ಲಿ ಯಾರಿದ್ದಾರೆ ಎಂದು ನನಗೇ ಗೊತ್ತಿಲ್ಲ ಎಂದ. ಅದು ತಮಾಷೆಯಾಗಿರಲಿಲ್ಲ. ಹಿಂದೆ ಒಂದು ಕಾಲೇಜು ಸೇರಿದ ಹುಡುಗ ನಾಲ್ಕು ವರ್ಷ ಅಲ್ಲೇ ಬೇರು ಬಿಡುತ್ತಿದ್ದ. ಈಗ ಪ್ರತಿ ವಸಂತದಲ್ಲೂ ಬಾಡಿಗೆ ಮನೆ ಬದಲಾಯಿಸಿದ ಹಾಗೆ ಕಾಲೇಜು ಬದಲಾಯಿಸುತ್ತಾರೆ. ಕಳೆದ ವರ್ಷದ ಟಿಪ್ಪಣಿ ಪುಸ್ತಕ ತೆಗೆದು ನೋಡಿದರೆ ಅದರಲ್ಲಿದ್ದ ಹೆಸರುಗಳಲ್ಲಿ ಹತ್ತಕ್ಕೆ ಎಂಟು ಬೇರೆಲ್ಲೋ ಹೋಗಿದ್ದವು.

ಡೆನ್ಲೋದ ಕೋಚ್ ಡ್ವೇನ್ ಪಾಪ್ಕೆಯನ್ನು ಕೇಳೋಣವೆಂದರೆ ಅದು ಗೋಡೆಗೆ ಕೇಳಿದ ಹಾಗೆ. ಅವನು ಬಂದು ಮೂರನೆಯ ವರ್ಷ. ಮೊದಲ ತಂಡದ ಹೆಸರು ಹೇಳಿದಾಗ, ಒಳ್ಳೆಯ ತಂಡ, ಅವರ ಮೇಲೆ ನಮಗೆ ಗೌರವವಿದೆ ಎಂದ. ಎರಡನೆಯದಕ್ಕೂ ಅದೇ. ಐದನೆಯದರ ಹೊತ್ತಿಗೆ ಲವಿನಾ ಬರೆದುಕೊಳ್ಳುವುದನ್ನೇ ನಿಲ್ಲಿಸಿದ್ದಳು.

"ಕೋಚ್, ಮೌಂಟ್ ಕಾರ್ವರ್‌ನೋರು ಎರಡು ಕಾಲಲ್ಲಿ ಓಡ್ತಾರೋ ನಾಲ್ಕು ಕಾಲಲ್ಲಿ ಓಡ್ತಾರೋ, ಅದಾದ್ರೂ ಹೇಳಿ" ಎಂದಳು.

"ಅವರ ಮೇಲೂ ಗೌರವ ಇದೆ" ಎಂದ ಪಾಪ್ಕೆ, ತುಟಿಯ ಅಂಚೂ ಅಲುಗದಂತೆ.

ಸಂಪಾದಕ ಕಾಲ್ಡರ್ ಇನ್ನೊಂದು ರಾಜ್ಯದಲ್ಲಿ ಕೂತು ಇಂಥ ಹದಿನಾಲ್ಕು ಪತ್ರಿಕೆಗಳನ್ನು ನೋಡಿಕೊಳ್ಳುತ್ತಿದ್ದ. ಡೆನ್ಲೋ ಊರನ್ನು ಅವನು ಕಣ್ಣಾರೆ ಕಂಡಿರಲಿಲ್ಲ. ಕೆಟ್ಟವನಲ್ಲ, ಆದರೆ ಯಾವಾಗಲೂ ಉಸಿರು ಕಟ್ಟಿದವನ ಹಾಗೆ ಮಾತಾಡುತ್ತಿದ್ದ. ಇಡೀ ಪುಟ ಇನ್ನು ಇಲ್ಲ, ಪುಟದಲ್ಲಿ ತಂಡಕ್ಕೊಂದು ಚೌಕ, ಚೌಕಕ್ಕೆ ಎಂಬತ್ತು ಪದ ಎಂದು ಫೋನಿನಲ್ಲಿ ತಿಳಿಸಿದ. ಎಂಬತ್ತು ಪದದಲ್ಲಿ ಒಂದು ತಂಡವನ್ನು ಹೇಗೆ ಹಿಡಿಸುವುದು ಎಂದು ಅವಳು ವಾದಿಸಿದಳು.

"ಆ ಕಾಲೇಜಿನ ವೆಬ್‌ಸೈಟ್ ನೋಡಿ ನಾಲ್ಕು ಸಾಲು ಹಾಕು ಲವಿನಾ. ಎಂಬತ್ತೊಂದನೇ ಪದ ತಾನಾಗೇ ಕತ್ತರಿಸಿ ಹೋಗತ್ತೆ, ಅದು ನನ್ನ ಕೈಲೂ ಇಲ್ಲ."

ಹನ್ನೊಂದರಲ್ಲಿ ಎಲ್ಲಕ್ಕಿಂತ ಕಾಡಿದ್ದು ಮೌಂಟ್ ಕಾರ್ವರ್. ದಕ್ಷಿಣದ ಗುಡ್ಡಗಳ ನಡುವಿನ ಪುಟ್ಟ ಕಾಲೇಜು ಅದು. ಡೆನ್ಲೋ ಅವರ ಜೊತೆ ಹಿಂದೆಂದೂ ಆಡಿರಲಿಲ್ಲ. ವೆಬ್‌ಸೈಟಿನಲ್ಲಿ ಹಳೆಯ ವರ್ಷದ ಚಿತ್ರ. ಏಳು ಸಲ ಫೋನ್ ಮಾಡಿದರೂ ಯಾರೂ ಎತ್ತಲಿಲ್ಲ. ಏಳನೆಯ ಸಲ ಫೋನನ್ನು ಮೇಜಿನ ಮೇಲೆ ಕುಕ್ಕಿದ ಸದ್ದಿಗೆ ಪಕ್ಕದ ಕೋಣೆಯಲ್ಲಿದ್ದ ಅವಳ ಅಪ್ಪ ಎಲ್ಮರ್ ಎದ್ದು ಬಂದ. ಅವನಿಗೆ ಎಂಬತ್ತೊಂದರ ಪ್ರಾಯ; ಮೂವತ್ತು ವರ್ಷ ಹೈಸ್ಕೂಲ್ ಹುಡುಗರಿಗೆ ಇದೇ ಆಟ ಕಲಿಸಿ ನಿವೃತ್ತನಾದವನು. ಮಗಳ ಜೊತೆಗೇ ಇದ್ದ, ಮಗಳ ಬರಹದಲ್ಲಿ ತಪ್ಪು ಹುಡುಕುವುದನ್ನು ಕಸುಬು ಮಾಡಿಕೊಂಡಿದ್ದ.

"ಎಂಟನೇ ಸಲ ಮಾಡಿದ್ರೆ ಎತ್ತುತ್ತಾರೆ ಅಂತ ಯಾವ ಬೈಬಲ್‌ನಲ್ಲಿ ಬರೆದಿದೆ? ಕಾರು ತೆಗಿ" ಎಂದ. "ಆಟದ ಅಂಗಳದ ವಾಸನೆ ನೋಡದೆ ತಂಡದ ಬಗ್ಗೆ ಬರೆಯೋದು, ಮುಖ ನೋಡದೆ ಮದುವೆ ಆದ ಹಾಗೆ."

"ನಾನು ಮುಖ ನೋಡೇ ಮದುವೆ ಆಗಿದ್ದೆ ಅಪ್ಪ. ಏನು ಸುಖ ಬಂತು?"

"ಅದು ನಿನ್ನ ಕಣ್ಣಿನ ದೋಷ. ಪದ್ಧತಿ ಸರಿಯಾಗೇ ಇದೆ."

ಮರುದಿನ ಬೆಳಗ್ಗೆ ಇಬ್ಬರೂ ಹೊರಟರು. ನಾಲ್ಕೂವರೆ ಗಂಟೆಯ ದಾರಿ. ಜೋಳ ಕೊಯ್ದು ಬೋಳಾದ ಹೊಲಗಳು ಮುಗಿದು ಗುಡ್ಡಗಳು ಶುರುವಾಗುವವರೆಗೂ ಎಲ್ಮರ್ ಅವಳ ವೇಗದ ಬಗ್ಗೆ, ಪಾಪ್ಕೆಯ ಬಗ್ಗೆ, ಈಗಿನ ಹುಡುಗರ ಪಾದಗಳ ಬಗ್ಗೆ ದೂರುತ್ತಲೇ ಇದ್ದ. ನಡುದಾರಿಯಲ್ಲಿ ನಿಲ್ಲಿಸಿ, ಬನ್ನಿಗಿಂತ ಎರಡು ಪಟ್ಟು ಅಗಲದ ಕರಿದ ಹಂದಿಮಾಂಸದ ಸ್ಯಾಂಡ್‌ವಿಚ್ ತಿಂದರು. ಅವನು ತನ್ನದರಲ್ಲಿ ಅರ್ಧವನ್ನು ಕಾಗದದಲ್ಲಿ ಸುತ್ತಿ ಕೋಟಿನ ಜೇಬಿಗೆ ಇಳಿಸಿದ. ಲವಿನಾಳ ತಲೆಯಲ್ಲಿ ಒಂದೇ ಲೆಕ್ಕ: ಇಡೀ ಒಂದು ದಿನ, ಎಂಬತ್ತು ಪದಕ್ಕೆ.

ಮೌಂಟ್ ಕಾರ್ವರ್‌ನ ಕ್ರೀಡಾಂಗಣ ಇಟ್ಟಿಗೆಯ ಹಳೆಯ ಕಟ್ಟಡ. ಆಫೀಸಿನ ಬಾಗಿಲಿಗೆ ಬೀಗ. ಅನುಮಾನ ಬಂದು ಲವಿನಾ ತನ್ನ ಫೋನಿನಿಂದ ಅದೇ ನಂಬರಿಗೆ ಕರೆ ಮಾಡಿದಳು. ಬೀಗ ಹಾಕಿದ ಬಾಗಿಲಿನ ಹಿಂದೆ ಗಂಟೆ ಬಾರಿಸತೊಡಗಿತು. ಬಾರಿಸಿ ಬಾರಿಸಿ ಸುಮ್ಮನಾಯಿತು. ಅವಳಿಗೆ ನಗು ಬರಲಿಲ್ಲ. ಎರಡು ವಾರದ ಸಿಟ್ಟನ್ನೆಲ್ಲ ಸೇರಿಸಿ ಬಾಗಿಲನ್ನು ಒದ್ದಳು.

ಒಳಗೆ ನೆಲ ಒರೆಸುತ್ತಿದ್ದ ಬೋಳುತಲೆಯ ಆಸಾಮಿಯನ್ನು ಕೋಚ್ ಎಲ್ಲಿ ಎಂದು ಕೇಳಿದರೆ, ಅವನೇ ಕೋಚ್. ಹೆಸರು ಲೂಥರ್ ಬೀಮನ್. ಆಫೀಸಿನಲ್ಲಿದ್ದ ಹೆಂಗಸನ್ನು ಆಗಸ್ಟ್‌ನಲ್ಲೇ ಕೆಲಸದಿಂದ ತೆಗೆದರು, ಬೀಗದ ಕೈ ಯಾರ ಹತ್ತಿರ ಇದೆಯೋ ನಾನೂ ಹುಡುಕುತ್ತಿದ್ದೇನೆ ಎಂದು ಹೇಳಿ ಅವನು ಕ್ಷಮೆ ಕೇಳಿದ. ತಂಡದಲ್ಲಿ ಹನ್ನೆರಡು ಜನ ಇರಬೇಕಿತ್ತು, ಇದ್ದವರು ಎಂಟು, ಓಡಬಲ್ಲವರು ಏಳು. ನೀವು ಬಂದು ನೋಡುವುದಕ್ಕೆ ಅಡ್ಡಿಯಿಲ್ಲ, ಇಲ್ಲಿಗೆ ಪತ್ರಿಕೆಯವರು ಬಂದು ಆರು ವರ್ಷವಾಯಿತು ಎಂದ.

ಅಭ್ಯಾಸ ಶುರುವಾಗಿ ಐದು ನಿಮಿಷಕ್ಕೆ ಎಲ್ಮರ್ ಜೇಬಿನಿಂದ ತೆಗೆದಿದ್ದ ಸ್ಯಾಂಡ್‌ವಿಚ್ಚನ್ನು ತಿನ್ನುವುದು ಮರೆತ. ಅವರಲ್ಲಿ ಎತ್ತರದವರೇ ಇರಲಿಲ್ಲ. ಆದರೆ ಎದುರಾಳಿಗಳಾಗಿ ನಿಂತ ಬೀಮನ್ ಮತ್ತು ಉಳಿದಿಬ್ಬರು ಚೆಂಡನ್ನು ಒಳಗೆ ಎಸೆಯುವ ಮೊದಲೇ ಐದೂ ಜನ ಅಂಗಳದುದ್ದಕ್ಕೂ ಮುತ್ತಿಗೆ ಹಾಕಿ ನಿಲ್ಲುತ್ತಿದ್ದರು. ಒಬ್ಬ ಅಂಗೈ ತಟ್ಟಿದರೆ ಮುತ್ತಿಗೆಯ ಆಕಾರವೇ ಬದಲಾಗುತ್ತಿತ್ತು; ಬಾಗಿಲು ಎಂದುಕೊಂಡ ಕಡೆ ಗೋಡೆ ಬಂದುಬಿಡುತ್ತಿತ್ತು. ಅಂಗೈ ತಟ್ಟುತ್ತಿದ್ದವನು ಒಬ್ಬ ಸಣಕಲ ಹುಡುಗ. ಚೆಂಡು ಕೈಗೆ ಬಂದರೆ ತಲೆ ಎತ್ತಿ ನೋಡುವ ಮೊದಲೇ ಅದನ್ನು ಸರಿಯಾದವನಿಗೆ ದಾಟಿಸಿರುತ್ತಿದ್ದ.

"ಬರ್ಕೋ ಲವಿನಾ" ಎಂದ ಎಲ್ಮರ್ ಮೆಲ್ಲಗೆ. "ಪಾಪ್ಕೆ ಹುಡುಗರು ಇದನ್ನ ಕನಸಲ್ಲೂ ನೋಡಿಲ್ಲ. ಮೊದಲ ಅರ್ಧದಲ್ಲಿ ಚಿಂದಿ ಆಗ್ತಾರೆ."

ಅವಳು ಬರೆದುಕೊಳ್ಳುತ್ತಿರಲಿಲ್ಲ. ಆ ಸಣಕಲ ಹುಡುಗ ಬೆವರು ಒರೆಸಿಕೊಳ್ಳಲು ಅಂಗಿ ಎತ್ತಿ ಮುಖ ಈಚೆ ತಿರುಗಿಸಿದಾಗ ಗುರುತು ಹತ್ತಿತ್ತು. ಟೋಬಿನ್ ಯುಟ್ಸಿ. ಡೆನ್ಲೋ ಊರಿನವನೇ. ಔಷಧಿ ಅಂಗಡಿಯ ರೋಡಾ ಯುಟ್ಸಿಯ ಮಗ. ಹೈಸ್ಕೂಲಿನಲ್ಲಿದ್ದಾಗ ಊರೆಲ್ಲ ಅವನ ಆಟ ನೋಡಲು ಹೋಗುತ್ತಿತ್ತು. ಡೆನ್ಲೋ ಕಾಲೇಜಿನಲ್ಲಿ ಒಂದು ವರ್ಷ ಆಡಿದ. ಆಮೇಲೆ ಪಾಪ್ಕೆ ಬಂದ. ಪಾಪ್ಕೆಯ ಮೊದಲ ಋತು ಮುಗಿದ ವಸಂತದಲ್ಲಿ ಟೋಬಿನ್ ತಂಡದಲ್ಲಿರಲಿಲ್ಲ. ಏಕೆ ಎಂದು ಲವಿನಾ ಕೇಳಿದ್ದಕ್ಕೆ ಪಾಪ್ಕೆ, ಹುಡುಗನಿಗೆ ಆಟದ ಆಸೆ ಹೋಗಿದೆ, ತಾನಾಗಿಯೇ ಹಿಂದೆ ಸರಿದ ಎಂದಿದ್ದ. ಅವಳು ಅದನ್ನು ಹಾಗೇ ಬರೆದಿದ್ದಳು. ಒಂದೇ ವಾಕ್ಯ. ಆ ದಿನ ಅವಳಿಗೆ ಬರೆಯಲು ಬೇರೆ ಮೂರು ಸುದ್ದಿಗಳಿದ್ದವು.

ಅಭ್ಯಾಸ ಮುಗಿದ ಮೇಲೆ ಟೋಬಿನ್ ತಾನಾಗಿಯೇ ಬಂದ. ಎಲ್ಮರ್‌ನ ಕೈ ಹಿಡಿದು, ಹೇಗಿದ್ದೀರಿ ಕೋಚ್, ಬೆನ್ನು ನೋವು ಹೇಗಿದೆ ಎಂದು ವಿಚಾರಿಸಿದ. ಲವಿನಾಳಿಗೆ ತಲೆಯಾಡಿಸಿದ.

"ಟೋಬಿನ್, ನೀನು ಆಟ ಬಿಟ್ಟಿದ್ದೀಯ ಅಂದ್ಕೊಂಡಿದ್ದೆ ಕಣೋ."

"ಬರೆದೂ ಇದ್ರಿ ಮೇಡಂ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವಳಿಗೆ ಉತ್ತರ ಕೊಡಲು ಸುಲಭವಾಗುತ್ತಿತ್ತು.

"ನಿಮ್ಮ ಆಫೀಸಿಂದ ನಮ್ಮನೆ ನಾಲ್ಕು ಬೀದಿ" ಎಂದ ಅವನು. "ಒಂದು ಮಾತು ಕೇಳಬಹುದಿತ್ತು." ಅಷ್ಟು ಹೇಳಿ ಚೆಂಡುಗಳನ್ನು ಚೀಲಕ್ಕೆ ತುಂಬಲು ಹೋದ.

ಉಳಿದದ್ದನ್ನು ಹೇಳಿದವನು ಬೀಮನ್. ಪಾಪ್ಕೆ ಹುಡುಗನ ಮೊಬೈಲಿಗೆ ಎರಡು ಸಾಲು ಕಳಿಸಿದ್ದ: ಮುಂದಿನ ವರ್ಷ ನಿನಗೆ ಜಾಗವಿಲ್ಲ, ಒಳ್ಳೆಯದಾಗಲಿ. ಹುಡುಗ ಮೂರು ಬೆಳಗ್ಗೆ ಅವನ ಆಫೀಸಿನ ಬಾಗಿಲಲ್ಲಿ ಕಾದ. ಬಾಗಿಲು ತೆರೆಯಲಿಲ್ಲ. ಆಸೆ ಇಲ್ಲದವನು ಎಂದು ಪತ್ರಿಕೆಯಲ್ಲಿ ಬಂದ ಮೇಲೆ ಬೇರೆ ಯಾವ ಕೋಚೂ ಅವನ ಫೋನ್ ಎತ್ತಲಿಲ್ಲ. ಒಂದು ವರ್ಷ, ಒಳಗೇ ವಾಸಿಸಬಹುದಾದ ಮನೆ-ಗಾಡಿಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ ಕಿಟಕಿ ಕೂರಿಸುತ್ತಿದ್ದ. ಸಂಜೆ ಚರ್ಚಿನ ಹಿಂದಿನ ಅಂಗಳದಲ್ಲಿ ಒಬ್ಬನೇ ಆಡುತ್ತಿದ್ದವನನ್ನು ಬೀಮನ್‌ನ ತಂಗಿಯ ಗಂಡ ನೋಡಿದ್ದ. ಹಾಗೆ ಇಲ್ಲಿಗೆ ಬಂದ.

ವಾಪಸ್ ಬರುವಾಗ ಎಲ್ಮರ್ ಮರೆತಿದ್ದ ಸ್ಯಾಂಡ್‌ವಿಚ್ ತಿಂದು ಮುಗಿಸಿದ. ಗುಡ್ಡಗಳು ಮುಗಿದ ಮೇಲೆ, ನಿನಗೇನು ಗೊತ್ತಿತ್ತು ಬಿಡು ಎಂದ.

"ಗೊತ್ತು ಮಾಡ್ಕೊಳ್ಳೋದಕ್ಕೇ ಅಲ್ವಾ ಅಪ್ಪ ನನಗೆ ಸಂಬಳ ಕೊಡೋದು" ಎಂದಳು ಲವಿನಾ. ಮುಂದೆ ಹೋಗುತ್ತಿದ್ದ ಟ್ರ್ಯಾಕ್ಟರಿಗೆ ಅನಗತ್ಯವಾಗಿ ಹಾರ್ನ್ ಹೊಡೆದಳು.

ಎರಡು ದಿನ ಕೂತು ಅವಳು ಮೌಂಟ್ ಕಾರ್ವರ್ ಬಗ್ಗೆ ಆರುನೂರು ಪದ ಬರೆದಳು. ಮುತ್ತಿಗೆ ಹೇಗೆ ಬೀಳುತ್ತದೆ, ಅಂಗೈ ತಟ್ಟಿದರೆ ಹೇಗೆ ಬದಲಾಗುತ್ತದೆ, ಚೆಂಡನ್ನು ಪಕ್ಕದಿಂದ ತರದೆ ಅಂಗಳದ ನಡುವಿನಿಂದ ತಂದರೆ ಹೇಗೆ ಪಾರಾಗಬಹುದು, ಏಳೇ ಜನರಿರುವ ತಂಡ ಎಲ್ಲಿ ದಣಿಯುತ್ತದೆ. ಇಪ್ಪತ್ತಾರು ವರ್ಷದಲ್ಲಿ ಇಷ್ಟು ಚೆನ್ನಾಗಿ ಬರೆದ ನೆನಪು ಅವಳಿಗಿರಲಿಲ್ಲ. ತಪ್ಪು ಹುಡುಕಲು ಕೂತ ಎಲ್ಮರ್ ಒಂದು ಅಲ್ಪವಿರಾಮ ತೆಗೆದು ಕಾಗದ ವಾಪಸ್ ಕೊಟ್ಟ. ಅದರ ಕೆಳಗೆ ಅವಳು ಇನ್ನೊಂದು ತುಣುಕು ಸೇರಿಸಿದಳು: ಒಂದೂವರೆ ವರ್ಷದ ಹಿಂದೆ ಈ ಪತ್ರಿಕೆ ಟೋಬಿನ್ ಯುಟ್ಸಿಯ ಬಗ್ಗೆ ಬರೆದದ್ದು ತಪ್ಪು ಎಂದು.

ಕಾಲ್ಡರ್ ಎರಡನ್ನೂ ತಿರಸ್ಕರಿಸಿದ. ತಿದ್ದುಪಡಿ ಬೇಕಾದರೆ ವಕೀಲರ ಮೇಜಿಗೆ ಹೋಗಬೇಕು, ಅವರು ಅಪರೂಪಕ್ಕೆ ಒಪ್ಪಿದರೂ ಬೇಸಿಗೆಯಾಗುತ್ತದೆ. ಅಲ್ಲದೆ ದೂರು ಕೊಟ್ಟವರು ಯಾರು? ಯಾರೂ ಇಲ್ಲ. ಮೌಂಟ್ ಕಾರ್ವರ್‌ಗೆ ಎಂಬತ್ತು ಪದ. ಬುಧವಾರ ಮಧ್ಯಾಹ್ನದೊಳಗೆ ಕಳಿಸದಿದ್ದರೆ ಚೌಕ ಖಾಲಿ ಹೋಗುತ್ತದೆ. ಲವಿನಾ ಕೂಗಾಡಿದಳು. ಅವನು, ನನಗೂ ಮೇಲಿನವರಿದ್ದಾರೆ ಎಂದು ಸಣ್ಣ ದನಿಯಲ್ಲಿ ಹೇಳಿ ಫೋನ್ ಇಟ್ಟ.

ಬುಧವಾರ ಬೆಳಗ್ಗೆ ಅವಳ ಮುಂದೆ ಎರಡು ತುಂಡು ಬರಹ ಇದ್ದವು. ಒಂದರಲ್ಲಿ ಆರುನೂರನ್ನು ಹಿಂಡಿ ಹಿಂಡಿ ಎಂಬತ್ತಕ್ಕೆ ಇಳಿಸಿದ ಮುತ್ತಿಗೆ. ಇನ್ನೊಂದರಲ್ಲಿ ಟೋಬಿನ್. ಎರಡನ್ನೂ ಅರ್ಧರ್ಧ ಸೇರಿಸಿ ನೋಡಿದಳು, ಎರಡೂ ಕೆಟ್ಟವು. ಮೊದಲನೆಯದನ್ನು ಓದಿದರೆ ಊರಿನವರು ಅವಳನ್ನು ಹೊಗಳುತ್ತಿದ್ದರು, ಡಿಸೆಂಬರ್‌ನಲ್ಲಿ, ಲವಿನಾ ಮೊದಲೇ ಹೇಳಿದ್ದಳು ಎನ್ನುತ್ತಿದ್ದರು. ಹನ್ನೊಂದೂಮುಕ್ಕಾಲಿಗೆ ಅವಳು ಎರಡನೆಯದನ್ನು ಕಳಿಸಿದಳು. ಟೋಬಿನ್ ಯುಟ್ಸಿ ಆಟ ಬಿಡಲಿಲ್ಲ, ಅವನನ್ನು ತಂಡದಿಂದ ಬಿಡಲಾಯಿತು; ಕಾರಣ ಕೇಳಲು ಮೂರು ಬೆಳಗ್ಗೆ ಕೋಚ್‌ನ ಬಾಗಿಲಲ್ಲಿ ಕಾದ. ಆಸೆ ಹೋಗಿದೆ ಎಂದದ್ದು ಕೋಚ್, ಹುಡುಗನನ್ನು ಕೇಳದೆ ಅದನ್ನು ಅಚ್ಚು ಹಾಕಿದ್ದು ಈ ಬರಹಗಾರ್ತಿ. ಆ ಹುಡುಗ ಈಗ ಮೌಂಟ್ ಕಾರ್ವರ್ ತಂಡದ ಜೀವಾಳ. ಸರಿಯಾಗಿ ಎಂಬತ್ತು. ಕಾಲ್ಡರ್ ಪದಗಳ ಸಂಖ್ಯೆ ನೋಡಿದ, ಪದಗಳನ್ನು ನೋಡಲಿಲ್ಲ. ಹಾಗೇ ಅಚ್ಚಾಯಿತು.

ಬೆಳಗಿನ ತಿಂಡಿಯ ಗಂಡಸರಿಗೆ ಅದು ಹಿಡಿಸಲಿಲ್ಲ. ಹತ್ತು ತಂಡ ಸರಿ, ಹನ್ನೊಂದನೆಯದು ಪಾದ್ರಿಯ ಮುಂದೆ ಪಾಪ ಒಪ್ಪಿಕೊಂಡ ಹಾಗಿದೆ ಎಂದು ಒಬ್ಬ ನಕ್ಕ. ಅವರು ಆಡುವುದು ಹೇಗೆ, ಅದೆಲ್ಲಿದೆ ಎಂದು ಇನ್ನೊಬ್ಬ ಕೇಳಿದ. ಅವಳ ನಾಲಿಗೆಯ ತುದಿಯಲ್ಲಿ ಆರುನೂರು ಪದ ಇದ್ದವು. ಆದರೆ ಅವನು ಉತ್ತರಕ್ಕೆ ಕಾಯದೆ ಪಕ್ಕದವನ ಜೊತೆ ಜಿಂಕೆ ಬೇಟೆಯ ಮಾತಿಗೆ ಹೊರಳಿದ. ಪಾಪ್ಕೆ ಅದೇ ದಿನ ಫೋನ್ ಮಾಡಿ, ಇನ್ನು ಮುಂದೆ ಅಭ್ಯಾಸದ ಹೊತ್ತಿನಲ್ಲಿ ಅವಳಿಗೆ ಒಳಗೆ ಪ್ರವೇಶವಿಲ್ಲ ಎಂದು ತಿಳಿಸಿದ. ಇಬ್ಬರ ನಡುವಿನ ಮಾತನ್ನು ಬೀದಿಗೆ ತಂದೆ ಎಂದ. ಅದರಲ್ಲಿ ಸುಳ್ಳೇನಿದೆ ತೋರಿಸಿ ಎಂದು ಅವಳು ಕೇಳಿದಳು. ಅವನು ತೋರಿಸಲಿಲ್ಲ. ಬಾಗಿಲು ಮಾತ್ರ ಮುಚ್ಚಿತು.

ಇದೆಲ್ಲವನ್ನೂ ಅವಳು ನುಂಗಿಕೊಂಡಳು. ಕಷ್ಟವಾದರೂ ಮಾಡಬೇಕಾದ್ದು ಮಾಡಿದೆ ಎಂಬ ಒಂದು ಸಮಾಧಾನ ಒಳಗಿತ್ತು. ಟೋಬಿನ್‌ನಿಂದ ಒಂದು ಮಾತು ಬರಬಹುದು ಎಂದು ಒಳಗೊಳಗೇ ಕಾದಳು. ಬರಲಿಲ್ಲ.

ನವೆಂಬರ್ ಮೂರನೆಯ ವಾರ ಅಪ್ಪನ ರಕ್ತದೊತ್ತಡದ ಮಾತ್ರೆ ತರಲು ಔಷಧಿ ಅಂಗಡಿಗೆ ಹೋದಳು. ಕೌಂಟರಿನ ಹಿಂದೆ ರೋಡಾ ಯುಟ್ಸಿ ಇದ್ದಳು. ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರು. ರೋಡಾ ಮಾತ್ರೆಯ ಪೊಟ್ಟಣ ತಂದಿಟ್ಟಳು, ಆದರೆ ಅದರ ಮೇಲಿಂದ ಕೈ ತೆಗೆಯಲಿಲ್ಲ.

"ಅದನ್ನ ಹಾಕೋ ಮುಂಚೆ ಅವನನ್ನ ಕೇಳಿದ್ಯಾ ಲವಿನಾ?"

ಲವಿನಾ ಹಣದ ಚೀಲ ತೆರೆದು ನೋಟು ಹುಡುಕತೊಡಗಿದಳು.

"ಜನ ಮರೆತಿದ್ರು" ಎಂದಳು ರೋಡಾ. "ಈಗ ಬಂದವರೆಲ್ಲ ಮಾತ್ರೆ ತಗೊಳ್ಳೋ ಮುಂಚೆ ನನ್ನ ಕೈ ಹಿಡ್ಕೊಂಡು ಅಯ್ಯೋ ಪಾಪ ಅಂತಾರೆ. ಅವನು ಮೂರು ದಿನ ಆ ಬಾಗಿಲಲ್ಲಿ ನಿಂತಿದ್ದು ನನಗೇ ಹೇಳಿರಲಿಲ್ಲ. ನಿನ್ನ ಪೇಪರ್ ಓದಿ ಯಾರೋ ಹೇಳಿದ್ರು. ಅವನಿಗೆ ಏನೂ ಬೇಕಿರಲಿಲ್ಲ ಕಣೇ. ಡಿಸೆಂಬರ್‌ನಲ್ಲಿ ಬಂದು, ಎಲ್ಲರ ಹಾಗೆ ಆಡಿ, ಹೋಗಬೇಕು ಅಂತಿದ್ದ."

"ತಪ್ಪಾಗಿದ್ದನ್ನ ಸರಿ ಮಾಡೋಣ ಅಂತ..."

"ಯಾರಿಗೆ ಸರಿ ಮಾಡಿದ್ದು?" ಎಂದು ಕೇಳಿ, ರೋಡಾ ಪೊಟ್ಟಣವನ್ನು ಮುಂದೆ ತಳ್ಳಿದಳು. "ಊಟ ಆದ್ಮೇಲೆ ಒಂದು. ನಿಮ್ಮಪ್ಪನಿಗೆ ಹೇಳು, ಖಾಲಿ ಹೊಟ್ಟೇಲಿ ಬೇಡ."

ಲವಿನಾ ಕಾರಿನಲ್ಲಿ ಕೂತು ಸ್ಟಿಯರಿಂಗ್ ಚಕ್ರಕ್ಕೆ ಎರಡು ಸಲ ಗುದ್ದಿದಳು. ಕಾಲ್ಡರ್‌ನ ಮೇಲೆ, ಪಾಪ್ಕೆಯ ಮೇಲೆ, ಬೀಗ ಹಾಕಿದ ಆಫೀಸಿನ ಮೇಲೆ ಇಷ್ಟು ದಿನ ಎಸೆಯುತ್ತ ಬಂದ ಸಿಟ್ಟಿಗೆ ಈಗ ಅವಳದೇ ಬಿಟ್ಟರೆ ಬೇರೆ ವಿಳಾಸ ಇರಲಿಲ್ಲ. ಆ ಹುಡುಗ ಎದುರಿಗೇ ನಿಂತು, ಕೇಳಬಹುದಿತ್ತು ಎಂದಿದ್ದ. ಅವಳು ನಾಲ್ಕೂವರೆ ಗಂಟೆ ಕಾರು ಓಡಿಸಿ ವಾಪಸ್ ಬಂದು, ಎರಡು ದಿನ ಕೂತು, ಮತ್ತೆ ಕೇಳದೆ ಬರೆದಿದ್ದಳು.

ಡಿಸೆಂಬರ್ ಎರಡನೆಯ ಶನಿವಾರ ಮಧ್ಯಾಹ್ನ ಮೌಂಟ್ ಕಾರ್ವರ್ ಡೆನ್ಲೋಗೆ ಬಂತು. ಹೊರಗೆ ತೆಳ್ಳಗೆ ಹಿಮ ಬಿದ್ದಿತ್ತು. ಆಟಗಾರರ ಹೆಸರು ಕೂಗುವಾಗ ಟೋಬಿನ್ ಯುಟ್ಸಿ ಎಂದೊಡನೆ ಅರ್ಧ ಕ್ರೀಡಾಂಗಣ ಎದ್ದು ಚಪ್ಪಾಳೆ ತಟ್ಟಿತು. ಆಟ ನೋಡಿ ತಟ್ಟುವ ಚಪ್ಪಾಳೆ ಅದಲ್ಲ. ಕಾಯಿಲೆಯಿಂದ ಎದ್ದು ಬಂದವನಿಗೆ ತಟ್ಟುವ ಚಪ್ಪಾಳೆ. ಅವನು ತಲೆ ಎತ್ತಲಿಲ್ಲ, ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿದ. ಪತ್ರಿಕೆಯವರ ಬೆಂಚಿನಲ್ಲಿ ಕೂತಿದ್ದ ಲವಿನಾ ಟಿಪ್ಪಣಿ ಪುಸ್ತಕದ ಖಾಲಿ ಹಾಳೆಗೆ ತಲೆ ತಗ್ಗಿಸಿದಳು.

ಆಮೇಲೆ ಆಟ ಶುರುವಾಯಿತು. ಟೋಬಿನ್ ಅಂಗೈ ತಟ್ಟಿದ. ಡೆನ್ಲೋ ಹುಡುಗರು ಚೆಂಡನ್ನು ಪಕ್ಕದಿಂದ ತಂದರು, ಸಿಕ್ಕಿಬಿದ್ದರು. ಮತ್ತೆ ಪಕ್ಕದಿಂದ ತಂದರು, ಮತ್ತೆ ಸಿಕ್ಕಿಬಿದ್ದರು. ಪಾಪ್ಕೆ ಎದ್ದು ನಿಂತು ಕೂಗಿದ, ಕೋಟು ಬಿಚ್ಚಿ ಎಸೆದ. ಅಂಗಳದ ನಡುವಿನಿಂದ ತನ್ನಿ, ನಡುವಿನಿಂದ ಎಂದು ಲವಿನಾಳ ನಾಲಿಗೆ ತುರಿಸುತ್ತಿತ್ತು. ಹಲ್ಲು ಕಚ್ಚಿ ಕೂತಳು. ಊರಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಂಥವರು ಬರುತ್ತಿದ್ದಾರೆ ಎಂದು ಯಾರೂ ಅವರಿಗೆ ಹೇಳಿರಲಿಲ್ಲ. ಮೇಲಿನ ಸಾಲಿನಲ್ಲಿ ಎಲ್ಮರ್ ಒಬ್ಬನೇ ಮೊಣಕಾಲು ಬಡಿದುಕೊಂಡು ನಗುತ್ತಿದ್ದ. ಅರ್ಧ ಆಟ ಮುಗಿದಾಗ ಮೌಂಟ್ ಕಾರ್ವರ್ ಹದಿಮೂರು ಪಾಯಿಂಟ್ ಮುಂದಿತ್ತು.

ಆದರೆ ಏಳೇ ಜನ. ಎರಡನೆಯ ಅರ್ಧದಲ್ಲಿ ಅವರ ಕಾಲುಗಳು ಭಾರವಾದವು. ಪಾಪ್ಕೆ ಐದೈದು ಜನರನ್ನು ಬದಲಾಯಿಸಿ ಬದಲಾಯಿಸಿ ಕಳಿಸಿದ. ಹದಿಮೂರು ಎಂಟಾಯಿತು, ಎಂಟು ಮೂರಾಯಿತು. ಕೊನೆಯ ನಿಮಿಷದಲ್ಲಿ ಡೆನ್ಲೋ ಒಂದು ಪಾಯಿಂಟ್ ಮುಂದೆ. ಕೊನೆಯ ಎಸೆತ ಟೋಬಿನ್‌ನದು. ಚೆಂಡು ಬುಟ್ಟಿಯ ಬಳೆಯ ಮುಂಭಾಗಕ್ಕೆ ತಾಗಿ ಈಚೆ ಬಿತ್ತು. ಊರು ಗೆದ್ದಿತು, ಮತ್ತು ಅವನಿಗಾಗಿ ಇನ್ನೊಂದು ಸಲ ಚಪ್ಪಾಳೆ ತಟ್ಟಿತು. ಅವನು ಆಗಲೇ ಒಳಗೆ ಹೋಗಿದ್ದ.

ಆಟದ ನಂತರ ಪಾಪ್ಕೆ ಪತ್ರಿಕೆಯವರ ಜೊತೆ ಹತ್ತು ನಿಮಿಷ ಮಾತಾಡುತ್ತಾನೆ. ಗೆದ್ದವನ ಮಾತಿಲ್ಲದೆ ವರದಿ ಕಳಿಸಿದರೆ ಕಾಲ್ಡರ್ ಸುಮ್ಮನಿರುವುದಿಲ್ಲ. ಲವಿನಾ ಅವನು ಮಾತಾಡುವ ಕೋಣೆಯ ಬಾಗಿಲವರೆಗೂ ಹೋದಳು. ಅಲ್ಲಿಂದ ತಿರುಗಿ ಹಿಂದಿನ ಬಾಗಿಲಿನಿಂದ ಹೊರಗೆ ಬಂದಳು. ಮೌಂಟ್ ಕಾರ್ವರ್‌ನ ಬಸ್ಸು ಎಂಜಿನ್ ಚಾಲೂ ಮಾಡಿಕೊಂಡು ನಿಂತಿತ್ತು. ಟೋಬಿನ್ ಅದರ ಮೆಟ್ಟಿಲಿನ ಮೇಲೆ ಮೊಣಕಾಲಿಗೆ ಮಂಜುಗಡ್ಡೆಯ ಚೀಲ ಕಟ್ಟಿಕೊಂಡು ಕೂತಿದ್ದ. ಅವನ ತಾಯಿ ಆಗಷ್ಟೇ ಅಪ್ಪಿಕೊಂಡು ಹೋಗಿದ್ದಳು. ಪಕ್ಕದಲ್ಲಿ ಒಂದು ಡಬ್ಬಿ, ಮನೆಯ ಸಿಹಿಯದಿರಬೇಕು, ಬಟ್ಟೆ ಸುತ್ತಿ ಇಟ್ಟಿತ್ತು.

"ಟೋಬಿನ್, ನಿನ್ನನ್ನ ಕೇಳದೆ ಎರಡು ಸಲ ಬರೆದೆ."

"ಹೌದು ಮೇಡಂ."

"ಎರಡನೇದಕ್ಕೂ ಕ್ಷಮೆ ಕೇಳ್ತೀನಿ. ಈ ಸಲ ಕೇಳೋಕೆ ಬಂದಿದೀನಿ. ನೀನು ಬೇಡ ಅಂದ್ರೆ ಹೋಗ್ತೀನಿ."

ಅವನು ಮಂಜುಗಡ್ಡೆಯ ಚೀಲವನ್ನು ಮೊಣಕಾಲಿಗೆ ಬಿಗಿಯಾಗಿ ಒತ್ತಿಕೊಂಡ. ಬಿಟ್ಟ ಉಸಿರು ಹೊಗೆಯಾಗಿ ಏಳುತ್ತಿತ್ತು.

"ಹದಿಮೂರು ಪಾಯಿಂಟ್ ಮುಂದಿದ್ವಿ" ಎಂದ. "ಅದು ಹೆಂಗೆ ಹೋಯ್ತು ಅಂತ ಇಲ್ಲಿವರೆಗೂ ಒಬ್ಬರೂ ಕೇಳಿಲ್ಲ. ಬಂದವರೆಲ್ಲ ನಾನು ಹೆಂಗಿದೀನಿ ಅಂತ ಕೇಳ್ತಾರೆ."

"ಹೆಂಗೆ ಹೋಯ್ತು?"

ಆಗ ಅವನು ಮಾತಾಡಿದ. ದಣಿವು ತಡೆಯಲಾರದೆ ಎರಡು ಸಲ ಕೋಚನ್ನು ಕೇಳದೆ ತಾನೇ ಮುತ್ತಿಗೆಯನ್ನು ಸಡಿಲಿಸಿದೆ ಎಂದ. ಒಂದು ಉಸಿರು ತೆಗೆದುಕೊಳ್ಳೋಣ ಎಂದುಕೊಂಡದ್ದು ಅವರಿಗೆ ಒಂಬತ್ತು ಪಾಯಿಂಟ್ ಕೊಟ್ಟಿತು. ಕೊನೆಯ ಎಸೆತದಲ್ಲಿ ಎಡಕ್ಕೆ ಇನ್ನೊಬ್ಬ ಖಾಲಿ ನಿಂತಿದ್ದ, ನೋಡಿದ್ದೆ, ಆದರೂ ನಾನೇ ಎಸೆದೆ ಎಂದ. ಏಕೆ ಎಂದು ಅವಳು ಕೇಳಿದಳು. ಈ ಅಂಗಳದಲ್ಲಿ ನಾನೇ ಹಾಕಬೇಕು ಅನ್ನಿಸಿತು, 'ಮೂರ್ಖತನ' ಎಂದು ಬರೆಯಿರಿ ಎಂದ. ಪಾಪ್ಕೆಯ ಹೆಸರು ಒಮ್ಮೆಯೂ ಎತ್ತಲಿಲ್ಲ. ತನ್ನ ಮೇಲಿನ ಸಿಟ್ಟಿನಲ್ಲಿ ಅವನ ಮಾತು ಓಡುತ್ತಿತ್ತು, ಅವಳ ಪೆನ್ನು ಅದರ ಹಿಂದೆ ಓಡುತ್ತಿತ್ತು. ಚಾಲಕ ಎರಡು ಸಲ ಹಾರ್ನ್ ಹೊಡೆದ ಮೇಲೆ ಅವನು ಎದ್ದ. ಕೈ ಕುಲುಕಲಿಲ್ಲ.

"ಸರಿಯಾಗಿ ಬರೀರಿ" ಎಂದಷ್ಟೇ ಹೇಳಿ ಒಳಗೆ ಹೋದ.

ಪಾಪ್ಕೆಯ ಹತ್ತು ನಿಮಿಷ ಅಷ್ಟರಲ್ಲಿ ಮುಗಿದಿತ್ತು. ಲವಿನಾ ಕಾರಿಗೆ ಬಂದಳು. ಎಲ್ಮರ್ ಹಿಂದಿನ ಸೀಟಿನಲ್ಲಿ ಟೋಪಿ ಮುಖಕ್ಕೆ ಎಳೆದುಕೊಂಡು ನಿದ್ದೆ ಹೋಗಿದ್ದ. ಅವಳು ಹೀಟರ್ ಹಾಕಿ, ಟಿಪ್ಪಣಿ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ವರದಿ ಟೈಪ್ ಮಾಡತೊಡಗಿದಳು. ನಾಲ್ಕನೆಯ ಹಾಳೆಯಲ್ಲಿ ಒಂದು ಪದ ಅವಳಿಗೇ ಓದಲಾಗಲಿಲ್ಲ. ಚಳಿಗೆ ಬೆರಳು ಮರಗಟ್ಟಿ ಅಕ್ಷರ ಕಲಸಿಹೋಗಿತ್ತು. ಸುಸ್ತು ಎಂದಿದ್ದನೋ, ಸೊಕ್ಕು ಎಂದಿದ್ದನೋ. ವಾಕ್ಯಕ್ಕೆ ಎರಡೂ ಕೂರುತ್ತಿದ್ದವು. ಹುಡುಗನ ಫೋನ್ ನಂಬರು ಅವಳ ಹತ್ತಿರ ಇರಲಿಲ್ಲ, ಬಸ್ಸು ಹೆದ್ದಾರಿ ಸೇರಿತ್ತು, ಕಾಲ್ಡರ್‌ನ ಮೂರನೆಯ ಸಂದೇಶ ಪರದೆಯ ಮೇಲೆ ಮಿನುಗುತ್ತಿತ್ತು. ಅವಳು ಪುಸ್ತಕವನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದಳು. ಆಮೇಲೆ ಆ ವಾಕ್ಯವನ್ನೇ ಕೈಬಿಟ್ಟು ಮುಂದಿನದನ್ನು ಬರೆದಳು.